ಜಗಲಿ ಪಕ್ಕದ ಪುಟಾಣಿ ಬೈಕು

ಕುಂಬಾರಕೊಪ್ಪಲಿನ ಹಳೆಯ ಬೀದಿಗಳಲ್ಲಿ ಒಂದರ ಕೊನೆಯ ಮನೆ. ಜಗಲಿಗೂ ಚರಂಡಿಗೂ ನಡುವೆ ಉಳಿದ ಎರಡಡಿ ಜಾಗದಲ್ಲಿ ಹಳೆಯ ಬೆಡ್‌ಶೀಟು ಹೊದ್ದ ವಾಹನವೊಂದು ನಿಂತಿರುತ್ತದೆ. ಹೊಸಬರು ಅದನ್ನು ಸೈಕಲ್ಲೆಂದೇ ತಿಳಿಯುತ್ತಾರೆ. ಬೆಳಿಗ್ಗೆ ಆರೂವರೆಗೆ ಮನೆಯ ಯಜಮಾನರು ಬಂದು, ಹೊದಿಕೆ ತೆಗೆದು ಮಡಿಸಿ, ಕಿಟಕಿಯ ಸರಳಿಗೆ ಸಿಕ್ಕಿಸಿ, ನಾಲ್ಕನೆಯದೋ ಐದನೆಯದೋ ಕಿಕ್ಕಿಗೆ ಅದನ್ನು ಎಬ್ಬಿಸಿದಾಗಲೇ ಗೊತ್ತಾಗುವುದು, ಅದು ಬೈಕು ಎಂದು. ಅರವತ್ತು ಸಿ.ಸಿ.ಯ ಯೆಜ್ಡಿ ಕೋಲ್ಟ್. ಕೋಲ್ಟ್ ಎಂದರೆ ಇಂಗ್ಲಿಷಿನಲ್ಲಿ ಕುದುರೆ ಮರಿ. ಮರಿಗೆ ಈಗ ನಲವತ್ತು ದಾಟಿದೆ, ಸವಾರರಿಗೆ ಎಪ್ಪತ್ತೆರಡು.

ಯಜಮಾನರು ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕುಂಬಾರಕೊಪ್ಪಲಿನಿಂದ ಅಲ್ಲಿಗೆ ಏಳೆಂಟು ಕಿಲೋಮೀಟರು. ಮೊದಲು ಸೈಕಲ್ಲು. ಮದುವೆಯಾದ ಮೇಲೆ, 1983ರಲ್ಲಿ, ಒಬ್ಬರಿಂದ ಈ ಬೈಕನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ವರ್ಕ್‌ಶಾಪಿನ ಗೆಳೆಯರು ನಕ್ಕರಂತೆ. ‘ಏನಯ್ಯಾ, ದೊಡ್ಡದು ಯಾವಾಗ ಮರಿ ಹಾಕ್ತು?’ ಎಂದು ಕೇಳಿದರಂತೆ. ಆ ನಗು ಅರ್ಥವಾಗಬೇಕಾದರೆ ಆಗಿನ ಮೈಸೂರನ್ನು ತಿಳಿದಿರಬೇಕು. ಊರೇ ಜಾವಾ ಊರು. ದೊಡ್ಡ ಬೈಕಿನ ಊರಿನಲ್ಲಿ ಸಣ್ಣ ಬೈಕು ಕೊಳ್ಳುವುದೆಂದರೆ, ಮದುವೆ ಮನೆಯಲ್ಲಿ ಕುಳಿತು ‘ಅರ್ಧ ಲೋಟ ಪಾಯಸ ಸಾಕು’ ಎಂದ ಹಾಗೆ.

ಕಾರ್ಖಾನೆ ಇದ್ದದ್ದು ಯಾದವಗಿರಿಯಲ್ಲಿ, ಕುಂಬಾರಕೊಪ್ಪಲಿನಿಂದ ಸೈಕಲ್ಲು ತುಳಿದರೆ ಹತ್ತು ಹದಿನೈದು ನಿಮಿಷ. ಮುಂಬಯಿಯಲ್ಲಿ ಜಾವಾ ಬೈಕುಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಖ್ ಇರಾನಿ 1960ರಲ್ಲಿ ಮೈಸೂರಿಗೆ ಬಂದು ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜ ಒಡೆಯರ ಪ್ರೋತ್ಸಾಹ ಅವರ ಬೆನ್ನಿಗಿತ್ತು. 1961ರಿಂದ ಇಲ್ಲೇ ಬೈಕುಗಳು ತಯಾರಾಗತೊಡಗಿದವು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಬೈಕು ವಿಭಾಗವನ್ನು ಕೊಂಡಾಗ ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿದ್ದರಿಂದ ಬಂದದ್ದು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಬೈಕು ಯೆಜ್ಡಿಯಾಯಿತು. ಇರಾನಿನ ಯಜ್ದ್ ಎಂಬ ಊರಿನ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಹುಟ್ಟಿದವು. ಆದರೆ ಹುಟ್ಟಿದ್ದು ಮೈಸೂರಿನಲ್ಲಲ್ಲ.

ಇವೆಲ್ಲ ಬಹಳ ಜನಕ್ಕೆ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಮರೆತದ್ದು, ಅದೇ ಕಾರ್ಖಾನೆಯಿಂದ ಪುಟಾಣಿ ಬೈಕುಗಳೂ ಹೊರಬಂದವು ಎಂಬುದು. ಮೊದಲು ಜಾವಾ 50, ಆಮೇಲೆ ಈ ಕೋಲ್ಟ್ 60. ಇವು ಪೆಡಲು ತುಳಿಯುವ ಮೊಪೆಡ್ಡುಗಳಲ್ಲ; ಕ್ಲಚ್ಚು, ಗೇರು ಎಲ್ಲ ಇರುವ, ಆದರೆ ಕುಗ್ಗಿಸಿದ ಬೈಕುಗಳು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಅಭಿಮಾನಿಗಳು ಬೈಕುಗಳನ್ನು ಉಜ್ಜಿ ತೊಳೆದು ಮೆರವಣಿಗೆ ಹೊರಡುತ್ತಾರಲ್ಲ, ಅಲ್ಲಿ ಗುಡುಗುವುದೆಲ್ಲ 250ಗಳೇ. ದೊಡ್ಡಣ್ಣನನ್ನು ಜನ ಜೋಪಾನ ಮಾಡಿದರು, ಚಿಕ್ಕ ತಮ್ಮ ಗುಜರಿಗೆ ಹೋದ. ಹಳೆಯ ವಸ್ತುಗಳ ಮೇಲಿನ ನಮ್ಮ ಪ್ರೀತಿಯಲ್ಲೂ ಸ್ವಲ್ಪ ದೊಡ್ಡಸ್ತಿಕೆ ಇದೆ.

ಮನೆಯಲ್ಲಿ ಜಗಳ ಶುರುವಾದದ್ದು ಕಳೆದ ವರ್ಷದ ಯುಗಾದಿಯ ಹಿಂದಿನ ದಿನ. ಮಗ ಹೆಬ್ಬಾಳದ ಕಡೆ ಕೆಲಸಕ್ಕಿರುವವನು, 350 ಸಿ.ಸಿ.ಯ ಬೈಕು ಇಟ್ಟಿದ್ದಾನೆ. ಮಾವಿನ ಎಲೆ ತರಲು ಹೊರಟ ಯಜಮಾನರು, ಕೋಲ್ಟಿಗೆ ಅಡ್ಡ ನಿಂತಿದ್ದ ಆ ದೊಡ್ಡ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಪಕ್ಕಕ್ಕೆ ಸರಿಸಲು ಹೋದರು. ಅಂಥ ಬೈಕು ಸುಮಾರು 195 ಕೆ.ಜಿ. ತೂಗುತ್ತದೆ. ನೆಟ್ಟಗೆ ನಿಂತಿರುವವರೆಗೆ ಆ ತೂಕ ನೆಲದ್ದು. ಒಂದು ಅಂಗೈಯಗಲ ವಾಲಿತೋ, ಹಿಡಿದವನದು. ವಾಲಿತು. ಕಾಲು ಕೆಳಗೆ ಸಿಕ್ಕಿಕೊಂಡಿತು. ಎದುರು ಮನೆಯ ಹುಡುಗರು ಓಡಿಬಂದು ಎತ್ತಿದರು. ಮೂಳೆ ಮುರಿಯಲಿಲ್ಲ, ಮೂರು ವಾರ ಮಂಚದ ಮೇಲೆ ಕಳೆಯಿತು.

‘ಅಪ್ಪಾಜಿ, ಇನ್ನು ಗಾಡಿ ಸಹವಾಸ ಬೇಡ. ಆ ಹಳೇದನ್ನ ಗುಜರಿಗೆ ಹಾಕ್ಬಿಡೋಣ. ಎಲ್ಲಿಗೆ ಹೋಗಬೇಕು ಹೇಳಿ, ನಾನೇ ಕರ್ಕೊಂಡ್ ಹೋಗ್ತೀನಿ.’

‘ನೀನು ಮನೆಗೆ ಬರೋದು ರಾತ್ರಿ ಎಂಟಕ್ಕೆ. ಸೊಪ್ಪು ಎಂಟು ಗಂಟೆ ತನಕ ಕಾಯುತ್ತೇನಪ್ಪಾ?’

‘ಆಟೋ ಇದೆಯಲ್ಲ.’

‘ಬಿದ್ದಿದ್ದು ನಿನ್ನ ಗಾಡಿ ಕಣೋ. ನಂದಲ್ಲ.’

ಇದಕ್ಕೆ ಮಗನ ಹತ್ತಿರ ಉತ್ತರವಿರಲಿಲ್ಲ. ಹೆಂಡತಿ ಒಳಗಿನಿಂದಲೇ ‘ರೀ, ಅವನು ಹೇಳೋದು ನಿಮ್ಮ ಒಳ್ಳೇದಕ್ಕೇ ಅಲ್ವಾ’ ಎಂದರು. ಆದರೆ ಹದಿನೈದು ದಿನಕ್ಕೊಮ್ಮೆ ಸಕ್ಕರೆ, ಬಿ.ಪಿ. ತೋರಿಸಲು ಅವರು ಹೋಗುವುದು ಕೋಲ್ಟಿನ ಹಿಂದಿನ ಸೀಟಿನ ಮೇಲೆಯೇ. ಸೀಟು ತಗ್ಗಿನಲ್ಲಿದೆ, ಮಂಡಿ ನೋವಿನವರೂ ಹತ್ತಿ ಇಳಿಯಬಹುದು. ಮಗನ ಬೈಕಿಗೆ ಹತ್ತಲು ಅವರಿಗೆ ಜಗಲಿಯೇ ಮೆಟ್ಟಿಲಾಗಬೇಕು, ಡಾಕ್ಟರ ಮನೆಯ ಮುಂದೆ ಜಗಲಿ ಇರುವುದಿಲ್ಲ.

ಇನ್ನೊಬ್ಬರನ್ನು ಕೇಳದೆ ಮನೆಯಿಂದ ಹೊರಡುವುದು ಎಷ್ಟು ದೊಡ್ಡ ವಿಷಯ ಎಂಬುದು ಅದು ಇರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಯುವಕರು ಬೈಕು ಕೊಳ್ಳುವಾಗ ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತದೆಂದು ವಿಚಾರಿಸುತ್ತಾರೆ. ಬಿದ್ದರೆ ಎತ್ತಲು ಎಷ್ಟು ಜನ ಬೇಕು ಎಂದು ಯಾರೂ ವಿಚಾರಿಸುವುದಿಲ್ಲ. ಕೋಲ್ಟಿಗೆ ಒಬ್ಬರು ಸಾಕು, ಅವರಿಗೆ ಎಪ್ಪತ್ತೆರಡಾಗಿದ್ದರೂ.

ಅರವತ್ತು ಸಿ.ಸಿ. ಎಂದರೆ ನಾಲ್ಕು ಟೇಬಲ್ ಚಮಚದಷ್ಟು ಜಾಗ. ಅಷ್ಟರೊಳಗೆ ಉರಿಯುವ ಪೆಟ್ರೋಲು ಇಬ್ಬರನ್ನು ಹೇಗೆ ಎಳೆದೀತು? ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟದ ನೆತ್ತಿ ಸುಮಾರು ಸಾವಿರ ಅಡಿ ಎತ್ತರ. ಸವಾರನೂ ಸಣ್ಣ ಬೈಕೂ ಸೇರಿ 140 ಕೆ.ಜಿ. ಎಂದುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ನಾಲ್ಕು ಲಕ್ಷ ಜೂಲ್‌ಗಿಂತ ತುಸು ಹೆಚ್ಚು. ಒಂದು ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿ ಜೂಲ್‌ಗೂ ಮಿಕ್ಕಿ ಶಕ್ತಿ ಅಡಗಿದೆ. ಹಳೆಯ ಎಂಜಿನ್ನು ಅದರಲ್ಲಿ ನೂರಕ್ಕೆ ಹದಿನೈದು ಪಾಲನ್ನಷ್ಟೇ ಚಕ್ರಕ್ಕೆ ಮುಟ್ಟಿಸಿ ಉಳಿದದ್ದನ್ನು ಬಿಸಿಗಾಳಿ ಮಾಡಿ ಹಾರಿಸಿಬಿಟ್ಟರೂ, ಬೆಟ್ಟ ಏರುವ ಕೆಲಸಕ್ಕೆ 90 ಮಿಲಿಲೀಟರ್ ಸಾಕು. ಹೋಟೆಲಿನಲ್ಲಿ ಕೊಡುವ ಒಂದು ಲೋಟ ಕಾಫಿಯಷ್ಟು! ಅದೇ ಮನುಷ್ಯ 350ರ ಮೇಲೆ ಹೊರಟರೆ ಎತ್ತಬೇಕಾದ ಭಾರ ಹೆಚ್ಚುಕಡಿಮೆ ಇಮ್ಮಡಿ. ತಾಯಿಯ ದರ್ಶನ ಮಾತ್ರ ಇಬ್ಬರಿಗೂ ಒಂದೇ.

ಗಾಳಿಯ ಲೆಕ್ಕ ಇನ್ನೂ ಕಟುವಾದದ್ದು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಭೇದಿಸಲು ಎಂಜಿನ್ನು ಒದಗಿಸಬೇಕಾದ ಸಾಮರ್ಥ್ಯ ಎಂಟರಷ್ಟು. ಗಂಟೆಗೆ 40 ಕಿ.ಮೀ. ಹೋಗುವವನಿಗೆ ಸಣ್ಣ ಎಂಜಿನ್ನು ಬಡತನವಲ್ಲ, ಸರಿಯಾದ ಅಳತೆ. ಕುಂಬಾರಕೊಪ್ಪಲಿನಿಂದ ಗೋಕುಲಂ ದಾಟಿ ಪೇಟೆಗೆ ಹೋಗುವ ದಾರಿಯಲ್ಲಿ, ಹಂಪು, ಹಸು, ಶಾಲೆ ಮಕ್ಕಳ ಆಟೋ ಎಲ್ಲವನ್ನೂ ದಾಟಿಕೊಂಡು, 40ಕ್ಕಿಂತ ಹೆಚ್ಚು ವೇಗದಲ್ಲಿ ಹೋಗುವವರು ಯಾರಿದ್ದಾರೆ? ಇದ್ದರೆ ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕಾದೀತು.

ಹಾಗೆಂದು ಕೋಲ್ಟನ್ನು ಹೊಗಳುತ್ತ ಕೂರುವುದೂ ನ್ಯಾಯವಲ್ಲ. ಅದು ಟೂ ಸ್ಟ್ರೋಕ್ ಎಂಜಿನ್ನು. ಹೊಸ ಪೆಟ್ರೋಲು ಒಳಗೆ ಬರುವ ಹೊತ್ತಿಗೇ ಹಳೆಯ ಹೊಗೆ ಹೊರಗೆ ಹೋಗುವ ಬಾಗಿಲೂ ತೆರೆದಿರುವುದರಿಂದ, ಸ್ವಲ್ಪ ಪೆಟ್ರೋಲು ಉರಿಯದೆಯೇ ಸೈಲೆನ್ಸರಿನಿಂದ ಪಾರಾಗುತ್ತದೆ. ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತದೆ. ಎದುರು ಮನೆಯವರು ಬೆಳಿಗ್ಗೆ ಆರೂವರೆಗೆ ಕಿಟಕಿ ಮುಚ್ಚುವುದು ಸೊಳ್ಳೆಗೆ ಹೆದರಿ ಅಲ್ಲ. ಇನ್ನು ರಿಂಗ್ ರೋಡ್. ಅಲ್ಲಿ ಲಾರಿಗಳ ನಡುವೆ 40ರಲ್ಲಿ ಹೋಗುವುದು ಅಪಾಯವೇ. ಯಜಮಾನರು ರಿಂಗ್ ರೋಡಿಗೆ ಹೋಗುವುದಿಲ್ಲ. ಮಗ ಹೇಳುವುದರಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ.

ಒಂದು ಕಾಲಕ್ಕೆ ಸಣ್ಣ ಗಾಡಿಗಳದ್ದೇ ಸಂತೆ. 1972ರಲ್ಲಿ ಲೂನಾ ಬಂತು. 1980ರಲ್ಲಿ ಪಕ್ಕದ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿ.ವಿ.ಎಸ್. 50 ಬಂತು. ಹಾಲಿನವರು, ಹೂವಿನವರು, ಬ್ಯಾಂಕಿನ ಗುಮಾಸ್ತರು, ಮೇಷ್ಟರುಗಳು ಅವುಗಳ ಮೇಲೆಯೇ ಸಂಸಾರ ಸಾಗಿಸಿದರು. 1985ರಲ್ಲಿ ನೂರು ಸಿ.ಸಿ.ಯ ಫೋರ್ ಸ್ಟ್ರೋಕ್ ಹೀರೊ ಹೋಂಡಾ ಕಾಲಿಟ್ಟಿತು. ಬೈಕು ದೊಡ್ಡದು, ಕುಡಿಯುವ ಪೆಟ್ರೋಲು ಕಡಿಮೆ. ಸಣ್ಣ ಗಾಡಿಯ ಒಂದೇ ಹೆಚ್ಚುಗಾರಿಕೆಯೆಂದು ಜನ ತಿಳಿದಿದ್ದ ಉಳಿತಾಯವೂ ಅಲ್ಲಿಗೆ ಹೋಯಿತು. ಅಳಿಯನಿಗೆ ಕೊಡಲು ಮೊಪೆಡ್ ಸಾಲದಾಯಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್‌ಗಳು ಒಂದೊಂದಾಗಿ ನಿಂತವು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಪೆಟ್ರೋಲ್ ಮೊಪೆಡ್ ಎಂದು ನಮ್ಮಲ್ಲಿ ಉಳಿದದ್ದು ಬಹುತೇಕ ಟಿ.ವಿ.ಎಸ್. ಎಕ್ಸ್‌.ಎಲ್. 100 ಒಂದೇ. ಅದೂ ಈಗ ಫೋರ್ ಸ್ಟ್ರೋಕ್, ನೂರು ಸಿ.ಸಿ. ಕಾನೂನಿಗೆ ಮಾತ್ರ ಈ ಸುದ್ದಿ ಮುಟ್ಟಿದಂತಿಲ್ಲ. ಹದಿನಾರು ತುಂಬಿದವರು 50 ಸಿ.ಸಿ. ಮೀರದ ಗಾಡಿ ಓಡಿಸಬಹುದು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆ ಗಾಡಿಯನ್ನು ಯಾವ ಅಂಗಡಿಯಿಂದ ತರಬೇಕೆಂದು ಹೇಳುವುದಿಲ್ಲ.

ಜಪಾನಿನ ಕಥೆಯೂ ಇದೇ. 1958ರಲ್ಲಿ 50 ಸಿ.ಸಿ.ಯಾಗಿ ಹುಟ್ಟಿದ ಹೋಂಡಾ ಸೂಪರ್ ಕಬ್ 2017ರ ಹೊತ್ತಿಗೆ ಎಲ್ಲ ಅಳತೆಗಳೂ ಸೇರಿ ಹತ್ತು ಕೋಟಿ ದಾಟಿತ್ತು. ಪ್ರಪಂಚದಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಮೋಟಾರು ವಾಹನ ಬೇರೊಂದಿಲ್ಲ. ಆ 50 ಸಿ.ಸಿ.ಯ ತಯಾರಿಕೆ 2025ರ ಮೇ ತಿಂಗಳಲ್ಲಿ ನಿಂತಿತು. ಅಷ್ಟು ಚಿಕ್ಕ ಎಂಜಿನ್ನಿಗೆ ಹೊಸ ಹೊಗೆ ನಿಯಮ ಪಾಲಿಸುವ ಸಾಮಗ್ರಿ ಜೋಡಿಸಿದರೆ ಬೆಲೆ ಗಿಟ್ಟುವುದಿಲ್ಲ. ಅವರು ಕಂಡುಕೊಂಡ ದಾರಿ ತಮಾಷೆಯಾಗಿದೆ. 125 ಸಿ.ಸಿ.ವರೆಗಿನ ಎಂಜಿನ್ನನ್ನೇ ತೆಗೆದುಕೊಂಡು ಅದರ ಶಕ್ತಿಯನ್ನು 4 ಕಿಲೋವ್ಯಾಟಿಗೆ ಮೊಟಕುಗೊಳಿಸಿ, ಹಳೆಯ ಸಣ್ಣ ಗಾಡಿಯ ಲೈಸೆನ್ಸಿನಲ್ಲೇ ಓಡಿಸಿ ಎಂದರು. ಎತ್ತನ್ನು ಕೊಂಡು ಕರುವಿನಷ್ಟೇ ಕೆಲಸ ಮಾಡಿಸಿದ ಹಾಗೆ.

ಹಾಗಾದರೆ ಸಣ್ಣ ಬೈಕಿನ ಕಥೆ ಮುಗಿಯಿತೇ? ಕಾಲು ನೆಟ್ಟಗಾದ ಮೇಲೆ ಯಜಮಾನರು ಮಗನ ಮಾತಿಗೆ ಕಟ್ಟುಬಿದ್ದು ಒಂದು ಎಲೆಕ್ಟ್ರಿಕ್ ಗಾಡಿಯ ಷೋರೂಮಿಗೆ ಹೋದರು. 2024ರ ಫೆಬ್ರವರಿಯಲ್ಲಿ ಲೂನಾ ಮತ್ತೆ ಬಂದಿದೆ, ಈ ಬಾರಿ ಬ್ಯಾಟರಿಯದು. ನೂರು ಕೆ.ಜಿ.ಗಿಂತ ಕಡಿಮೆ ತೂಕ, ಗಂಟೆಗೆ ಹೆಚ್ಚೆಂದರೆ 50 ಕಿ.ಮೀ. ಅಲ್ಲಿನ ಹುಡುಗಿ ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ, ಕಂತು ಎಷ್ಟು ಎಂದೆಲ್ಲ ಹೇಳತೊಡಗಿದಳು. ಯಜಮಾನರು ಕೇಳಿಸಿಕೊಂಡರು. ಆಮೇಲೆ ಹಿಂದಕ್ಕೆ ಹೋಗಿ, ಕ್ಯಾರಿಯರ್ ಹಿಡಿದು, ಹಿಂದಿನ ಚಕ್ರವನ್ನು ನೆಲದಿಂದ ಒಂದು ಗೇಣು ಎತ್ತಿ ಮತ್ತೆ ಇಟ್ಟರು. ಹುಡುಗಿ ಗಾಬರಿಯಾದಳು. ‘ಏನಿಲ್ಲಮ್ಮ, ನೋಡ್ದೆ. ಪರವಾಗಿಲ್ಲ, ಆಗುತ್ತೆ’ ಎಂದರು. ಸದ್ದಿಲ್ಲ, ಹೊಗೆಯಿಲ್ಲ, ಕಿಕ್ಕಿಲ್ಲ. ಸೀಟಿನ ಮೇಲೆ ಕುಳಿತರೆ ಎರಡೂ ಪಾದ ನೆಲಕ್ಕೆ ತಾಗಿದವು. ಮನಸ್ಸಿಗೆ ಬಂದಿತ್ತು.

‘ಬ್ಯಾಟರಿ ಹೋದರೆ ಬಿಚ್ಚಿ ನೋಡಬಹುದಾ?’

‘ಇಲ್ಲ ಸಾರ್, ಬಿಚ್ಚಬಾರದು. ಬದಲಾಯಿಸೋದೇ.’

ಫಿಟ್ಟರ್ ಕೆಲಸ ಮಾಡಿದ ಮನುಷ್ಯನಿಗೆ ಈ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಕೋಲ್ಟಿನ ಕಾರ್ಬರೇಟರನ್ನು ಅವರು ಜಗಲಿಯ ಮೇಲೆ ಹಳೆಯ ಪೇಪರು ಹಾಸಿಕೊಂಡು ಎಷ್ಟು ಸಲ ಬಿಚ್ಚಿ ಕಟ್ಟಿದ್ದಾರೋ. ಆದರೆ ಅವರು ಹಟಮಾರಿಯಲ್ಲ. ‘ನೋಡೋಣ’ ಎಂದು ಬಂದರು. ಕಾಗದ ಇನ್ನೂ ಕಿಟಕಿಯ ಮೇಲಿದೆ, ಅದರ ಬೆನ್ನಿಗೆ ಕಂತಿನ ಲೆಕ್ಕ ಬರೆದಿದೆ.

ಅಷ್ಟರಲ್ಲಿ ಕೋಲ್ಟಿನ ಆರ್.ಸಿ. ಅವಧಿ ಮುಗಿಯುತ್ತ ಬಂತು. ಇಪ್ಪತ್ತು ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಎರಡು ಸಾವಿರ ರೂಪಾಯಿಗೆ ಏರಿಸಿದ್ದಾರೆ. ಗುಜರಿಯವನು ಅದಕ್ಕಿಂತ ಹೆಚ್ಚು ಕೊಡುತ್ತಾನೋ ಇಲ್ಲವೋ. ಯಜಮಾನರು ಪಿಂಚಣಿಯಿಂದ ಹಣ ತೆಗೆದರು, ಹೊಗೆ ತಪಾಸಣೆ ಮಾಡಿಸಿದರು, ಆರ್.ಟಿ.ಓ. ಕಚೇರಿಗೆ ಎರಡು ಸಲ ಅಲೆದರು. ಐದು ವರ್ಷ ಸಿಕ್ಕಿತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಈಗಿನ ಪೆಟ್ರೋಲ್ ಬಂಕುಗಳಲ್ಲಿ ಎಣ್ಣೆ ಬೆರೆಸಿ ಕೊಡುವ ಪದ್ಧತಿ ಹೋಗಿದೆ. ಡಬ್ಬಿ ತಂದು ಮನೆಯಲ್ಲೇ ಬೆರೆಸಬೇಕು. ಕೆಮ್ಮಿನ ಔಷಧದ ಬಾಟಲಿಯ ಜೊತೆ ಬರುವ ಗೆರೆಯ ಮುಚ್ಚಳವೇ ಅಳತೆ. ಮೊನ್ನೆ ಭಾನುವಾರ ಆ ಕೆಲಸಕ್ಕೆ ಮೊಮ್ಮಗ ಕುಳಿತಿದ್ದ. ‘ತಾತ, ಇಷ್ಟು ಸಾಕಾ?’ ಎಂದು ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದ ಮಗ ಸ್ವಲ್ಪ ಹೊತ್ತು ಬಿಟ್ಟು ಕೇಳಿದ, ‘ಲೀಟರಿಗೆ ಎಷ್ಟು ಅಪ್ಪಾಜಿ?’

‘ನಲವತ್ತು ಮಿಲಿ. ಆ ಮುಚ್ಚಳದಲ್ಲಿ ನಾಲ್ಕು.’