ಎರಡು ಘಟ್ಟ, ಒಂದು ಕಡಲು

ಪ್ರಯಾಣದ ಸುಖ ಎರಡು ಬಗೆಯದು. ಊರು ಸೇರಿದ ಮೇಲೆ ದೊರೆಯುವುದು ಒಂದು. ಊರು ಸೇರುವವರೆಗೆ ದಾರಿಯುದ್ದಕ್ಕೂ ದೊರೆಯುವುದು ಇನ್ನೊಂದು. ಮೊದಲನೆಯದನ್ನು ಬಯಸುವವರು ರಾತ್ರಿಯ ಗಾಡಿ ಹತ್ತಿ, ಹೊದಿಕೆ ಹೊದ್ದು ಮಲಗಿ, ಬೆಳಗಾಗುವ ಹೊತ್ತಿಗೆ ಇಳಿದುಬಿಡುತ್ತಾರೆ. ಎರಡನೆಯದನ್ನು ಬಯಸುವವರಿಗೆ ಹಗಲೇ ಬೇಕು, ಕಿಟಕಿಯೇ ಬೇಕು, ಅವಸರವಂತೂ ಕೂಡದು. ಈ ಬರಹ ಎರಡನೆಯ ಬಗೆಯವರಿಗಾಗಿ.

ಇಂಥ ಪ್ರಯಾಣವನ್ನು ಒಂದು ಕಲೆಯಾಗಿಯೇ ಬೆಳೆಸಿದವರು ಸ್ವಿಟ್ಜರ್ಲೆಂಡಿನವರು. ಆಲ್ಪ್ಸ್ ಪರ್ವತಗಳ ನಡುವೆ ಝರ್ಮಾಟ್‌ನಿಂದ ಸೇಂಟ್ ಮೋರಿಟ್ಸ್‌ವರೆಗೆ 1930ರಿಂದ ಓಡುತ್ತಿರುವ ‘ಗ್ಲೇಸಿಯರ್ ಎಕ್ಸ್‌ಪ್ರೆಸ್’ ಎಂಬ ಗಾಡಿ, 291 ಕಿಲೊಮೀಟರ್ ದಾರಿಯನ್ನು ಕ್ರಮಿಸಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ನಿಧಾನವೇ ಅದರ ಹೆಮ್ಮೆ. ಆ ದಾರಿಯಲ್ಲಿ 91 ಸುರಂಗಗಳು, 291 ಸೇತುವೆಗಳು. ಇನ್ನೊಂದು ಗಾಡಿ ಬರ್ನಿನಾ ಕಣಿವೆಯಲ್ಲಿ 2,253 ಮೀಟರ್ ಎತ್ತರಕ್ಕೆ ಹಲ್ಲುಹಳಿಯ ನೆರವಿಲ್ಲದೆಯೇ ಏರುತ್ತದೆ. ಆಲ್ಬುಲಾ ಮತ್ತು ಬರ್ನಿನಾ ಎಂಬ ಈ ಮಾರ್ಗಗಳನ್ನು 2008ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಯ ಅನುಭವಸ್ಥ ಯಾತ್ರಿಕರು ಹೇಳುವ ಎರಡು ಮಾತುಗಳು ನಮಗೂ ಉಪಯೋಗಕ್ಕೆ ಬರುತ್ತವೆ. ಒಂದು: ಇಡೀ ದಾರಿಯನ್ನು ಒಂದೇ ದಿನದಲ್ಲಿ ನುಂಗಬೇಡಿ, ಆಂಡರ್‌ಮಾಟ್, ಕೂರ್ ಮುಂತಾದ ಊರುಗಳಲ್ಲಿ ಇಳಿದು ರಾತ್ರಿ ತಂಗಿ, ಮರುದಿನ ಬೆಳಕಿನಲ್ಲಿ ಮುಂದುವರಿಯಿರಿ. ಎರಡು: ಹೆಸರಾಂತ ಗಾಡಿಯಲ್ಲಿ ಸ್ಥಳ ದೊರೆಯದಿದ್ದರೆ ಕೊರಗಬೇಡಿ, ಅದೇ ಹಳಿಯ ಮೇಲೆ ಸಾಮಾನ್ಯ ಗಾಡಿಗಳೂ ಓಡುತ್ತವೆ, ಅದೇ ಬೆಟ್ಟ ಅವುಗಳ ಕಿಟಕಿಯಲ್ಲೂ ಕಾಣುತ್ತದೆ.

ಈ ಸೂತ್ರವನ್ನು ಹಿಡಿದು ನಮ್ಮ ನಾಡಿನಲ್ಲಿಯೇ ಒಂದು ಸುತ್ತು ಹಾಕಬಹುದು. ನಾಗನೂರ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಕುಟುಂಬಗಳಿಗೆ ಇದು ಘಟಪ್ರಭಾ ನಿಲ್ದಾಣದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವ ಪ್ರವಾಸ. ಕಬ್ಬು, ಗೋವಿನಜೋಳದ ಹೊಲಗಳ ನಡುವೆ ಬಾಳುವೆ ಕಳೆದು, ಮಕ್ಕಳನ್ನು ಓದಿಸಿ ದೂರದ ಪಟ್ಟಣಗಳಿಗೆ ಕಳಿಸಿ, ತಾವು ಮಾತ್ರ ಇನ್ನೂ ಸಮುದ್ರವನ್ನೇ ನೋಡದ ಅಜ್ಜಿಯರು ಈ ಬಯಲಿನಲ್ಲಿ ಎಷ್ಟೋ ಮಂದಿ ಇದ್ದಾರೆ. ‘ಮುಂದಿನ ವರ್ಷ ಹೋದರಾಯಿತು’ ಎಂಬ ಮಾತು ಮೊಣಕಾಲಿನ ಬಲ ಇರುವವರೆಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಯೋಜನೆಯನ್ನು ಹಿರಿಯರ ಶಕ್ತಿಯ ಅಳತೆಗೆ ತಕ್ಕಂತೆ ಹಾಕಬೇಕು. ದಿನಕ್ಕೆ ಒಂದೇ ಗಾಡಿ, ರಾತ್ರಿಗೆ ನೆಲದ ಮೇಲೆ ನಿದ್ರೆ.

ನೀರು ಮುಖ ತಿರುಗಿಸುವ ದಾರಿ

ಮೊದಲ ದಿನ ಘಟಪ್ರಭೆಯಿಂದ ಬೆಳಗಾವಿಯವರೆಗೆ ಮಾತ್ರ ಹೋಗಿ ತಂಗುವುದು ಲೇಸು. ಈಗ ಅಗಲವಾಗಿರುವ ಈ ಹಳಿ 1990ರ ದಶಕದವರೆಗೂ ಮೀಟರ್ ಗೇಜಾಗಿತ್ತು. ಸ್ವಿಸ್ ಬೆಟ್ಟಗಳ ಆ ಪ್ರಸಿದ್ಧ ಗಾಡಿಗಳು ಇಂದಿಗೂ ಓಡುವುದು ಅದೇ ಅಳತೆಯ ಹಳಿಯ ಮೇಲೆ ಎಂಬುದನ್ನು ಮಕ್ಕಳಿಗೆ ಹೇಳಬಹುದು. ಸಂಜೆಗೆ ಬೆಳಗಾವಿಯ ಕೋಟೆಯೊಳಗೆ ರಟ್ಟರ ಕಾಲದ ಕಮಲ ಬಸದಿಯನ್ನು ನೋಡಲು ಸಾಕಷ್ಟು ಬಿಡುವಿರುತ್ತದೆ.

ಎರಡನೆಯ ದಿನವೇ ಪ್ರವಾಸದ ತಿರುಳು. ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾಟಿ ಗಾಡಿ ಕ್ಯಾಸಲ್‌ರಾಕ್ ನಿಲ್ದಾಣಕ್ಕೆ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಈ ಪುಟ್ಟ ಊರು 1947ರವರೆಗೆ ಬ್ರಿಟಿಷ್ ಇಂಡಿಯಾದ, ಆಮೇಲೆ 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾಗುವವರೆಗೆ ಸ್ವತಂತ್ರ ಭಾರತದ ಗಡಿ ನಿಲ್ದಾಣವಾಗಿತ್ತು. ಇಲ್ಲಿಂದ ಕೆಳಗಿನ ಕುಳೆಮ್‌ವರೆಗೆ ಸುಮಾರು 26 ಕಿಲೊಮೀಟರ್ ಬ್ರಗಾಂಜಾ ಘಟ್ಟ. ಪೋರ್ಚುಗೀಜರ ಆಳ್ವಿಕೆಯಲ್ಲಿದ್ದ ಮುರಗಾಂವ ಬಂದರಿನಿಂದ ಬಂದ ಹಳಿ 1888ರಲ್ಲಿ ಈ ಘಟ್ಟವನ್ನೇರಿ ನಮ್ಮ ಕಡೆಯ ಹಳಿಯನ್ನು ಕೂಡಿತು. 37 ಅಡಿ ಸಾಗಿದರೆ ಒಂದು ಅಡಿ ಏರು; ಕೆಳಗಿನಿಂದ ಬರುವ ಗಾಡಿಗಳಿಗೆ ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನುಗಳನ್ನು ಕುಳೆಮ್‌ನಲ್ಲಿ ಜೋಡಿಸುತ್ತಾರೆ.

ಘಟ್ಟದ ನಡುವೆ ಸುಮಾರು 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಧುಮುಕುವ ದೂಧಸಾಗರ; ಗಾಡಿ ಅದರ ಮಗ್ಗುಲಲ್ಲೇ ಸೇತುವೆಯ ಮೇಲೆ ಹಾದುಹೋಗುತ್ತದೆ. ಗೋಕಾಕದ ಜಲಪಾತವನ್ನು ನೋಡಿ ಬೆಳೆದವರು ಇಲ್ಲಿ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಘಟಪ್ರಭೆ ಮೂಡಣಕ್ಕೆ ಹರಿದು, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ಪಾಲಾಗುತ್ತಾಳೆ. ದೂಧಸಾಗರದ ನೀರಾದರೋ ಮಹದಾಯಿಯನ್ನು ಕೂಡಿ ಪಡುವಣ ಕಡಲಿಗೆ ಇಳಿಯುತ್ತದೆ. ಮಲಪ್ರಭೆ ಮೂಡಣಕ್ಕೆ, ಮಹದಾಯಿ ಪಡುವಣಕ್ಕೆ. ಎರಡೂ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡುಗಳಲ್ಲೇ. ನೀರು ಮುಖ ತಿರುಗಿಸುವ ಆ ದಿಣ್ಣೆಯನ್ನು ಗಾಡಿ ದಾಟಿದ್ದು ಕುಳಿತವರಿಗೆ ತಿಳಿಯುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದೂಧಸಾಗರದಲ್ಲಿ ಗಾಡಿ ನಿಂತರೂ ಇಳಿಯತಕ್ಕದ್ದಲ್ಲ. ಹಳಿಯ ಮೇಲೆ ನಡೆಯುವುದು ಅಪಾಯಕರ ಮಾತ್ರವಲ್ಲ, ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. 2023ರ ಜುಲೈ ತಿಂಗಳಿನಲ್ಲಿ ಹೀಗೆ ಹಳಿಗುಂಟ ಹೊರಟ ತರುಣರಿಗೆ ರಕ್ಷಣಾ ಸಿಬ್ಬಂದಿಯವರು ಬಸ್ಕಿ ಹೊಡೆಸಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಈ ಕಾಡಿಗೂ ಅದರ ಚಿಂತೆಯಿದೆ. ಒಂದು ಮಗ್ಗುಲಿಗೆ ಕಾಳಿ ಹುಲಿ ಸಂರಕ್ಷಣಾ ಪ್ರದೇಶ, ಇನ್ನೊಂದು ಮಗ್ಗುಲಿಗೆ ಮೊಲ್ಲೆಮ್ ರಾಷ್ಟ್ರೀಯ ಉದ್ಯಾನ. ಘಟ್ಟದಲ್ಲಿ ಜೋಡಿ ಹಳಿ ಹಾಕುವ ಯೋಜನೆಗೆ ಗೋವೆಯಲ್ಲಿ ದೊಡ್ಡ ವಿರೋಧ ಎದ್ದು, 2022ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದುಪಡಿಸಿತು. ನಾವು ಕಣ್ತುಂಬ ನೋಡುವ ಹಸಿರಿನ ಹಿಂದೆ ಇಂಥ ಜಗ್ಗಾಟವೂ ಇದೆಯೆಂಬುದನ್ನು ಮರೆಯಲಾಗದು.

ನಾಲ್ಕು ನದಿಗಳ ಕಡಲ ದಾರಿ

ಎರಡನೆಯ ರಾತ್ರಿ ಮಡಗಾಂವದಲ್ಲಿ. ಮೂರನೆಯ ದಿನ ಕೊಂಕಣ ರೈಲ್ವೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೊಮೀಟರ್ ಉದ್ದದ ಈ ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ಇದರಲ್ಲಿಯೂ ಸುರಂಗಗಳು 91. ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿನ ಸುರಂಗಗಳ ಲೆಕ್ಕಕ್ಕೆ ಸರಿಸಮ! ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿ ಹಿಡಿದ ಹಟ, ಇಂಜಿನಿಯರ್ ಇ. ಶ್ರೀಧರನ್ ಅವರ ದಕ್ಷತೆ ಎರಡೂ ಸೇರಿ ಈ ಕೆಲಸ ನಡೆಯಿತು.

ಕಡಲದಾರಿಯೆಂದು ಕೇಳಿ ಉದ್ದಕ್ಕೂ ಅಲೆಗಳನ್ನೇ ನಿರೀಕ್ಷಿಸುವವರಿಗೆ ತುಸು ನಿರಾಶೆಯಾದೀತು. ಹಳಿ ಹೆಚ್ಚಾಗಿ ಒಳನಾಡಿನಲ್ಲಿಯೇ ಸಾಗುತ್ತದೆ. ಇಲ್ಲಿಯ ಸೊಗಸು ನದಿಗಳಲ್ಲಿದೆ. ಕಾರವಾರದ ಬಳಿ ಕಾಳಿ, ಅಂಕೋಲೆಯ ಆಚೆ ಗಂಗಾವಳಿ, ಕುಮಟೆಯ ಹತ್ತಿರ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಶರಾವತಿಯ ಮೇಲಿನ ಎರಡು ಕಿಲೊಮೀಟರ್ ಮೀರಿದ ಸೇತುವೆಯೇ ಈ ಮಾರ್ಗದಲ್ಲೆಲ್ಲ ಉದ್ದವಾದುದು.

ಸಮುದ್ರವನ್ನು ಕಾಲಿಗೆ ತಾಗಿಸಿಯೇ ನೋಡಬೇಕಾದವರು ಗೋಕರ್ಣರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಊರು ಅಲ್ಲಿಂದ ಸುಮಾರು ಹತ್ತು ಕಿಲೊಮೀಟರ್. ಇಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ಮಹಾಬಲೇಶ್ವರನ ದರ್ಶನಕ್ಕೂ ಅಜ್ಜಿಯ ಕಾಲುಗಳ ವಿಶ್ರಾಂತಿಗೂ ಆಗುತ್ತದೆ. ಯಾವುದಾದರೂ ಗಾಡಿ ತಪ್ಪಿದ್ದರೆ ಆ ನಷ್ಟವನ್ನು ತುಂಬಿಕೊಳ್ಳುವ ದಿನವೂ ಇದೇ. ಐದನೆಯ ದಿನ ಉಡುಪಿ, ಆರನೆಯ ದಿನ ಮಂಗಳೂರು.

ಐವತ್ತೇಳು ಸುರಂಗ

ಮಂಗಳೂರಿನಲ್ಲಿ ಸೆಂಟ್ರಲ್ ಮತ್ತು ಜಂಕ್ಷನ್ ಎಂದು ಎರಡು ನಿಲ್ದಾಣಗಳಿವೆ; ಟಿಕೇಟಿನಲ್ಲಿ ಯಾವುದು ಬರೆದಿದೆಯೆಂದು ಹಿಂದಿನ ರಾತ್ರಿಯೇ ನೋಡಿಕೊಂಡು, ಅದಕ್ಕೆ ಸಮೀಪದಲ್ಲಿ ತಂಗಬೇಕು. ಏಳನೆಯ ದಿನ ಹಗಲಿನ ಗಾಡಿಯಲ್ಲಿ ಹಾಸನಕ್ಕೆ. ಸುಬ್ರಹ್ಮಣ್ಯರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೊಮೀಟರ್ ಘಟ್ಟದಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. ಏರು 50ಕ್ಕೆ ಒಂದು. ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣವಾಯಿತು; ಅಗಲ ಮಾಡಲೆಂದು 1996ರಲ್ಲಿ ಮುಚ್ಚಿದ ಮಾರ್ಗ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಲ್ಲಿ ಈ ದಾರಿಯ ಹಗಲು ಗಾಡಿಗಳಿಗೆ ಗಾಜಿನ ಛಾವಣಿಯ ‘ವಿಸ್ಟಾಡೋಮ್’ ಡಬ್ಬಿ ಜೋಡಿಸಲು ತೊಡಗಿದರು. ಅದು ಸಿಕ್ಕರೆ ಸಂತೋಷ; ಸಿಗದಿದ್ದರೆ ಸ್ವಿಸ್ ಯಾತ್ರಿಕರ ಎರಡನೆಯ ಸೂತ್ರವನ್ನು ನೆನೆದು ಸಾಮಾನ್ಯ ಡಬ್ಬಿಯ ಕಿಟಕಿಯಲ್ಲಿ ಕುಳಿತುಬಿಡಿ.

ಎಂಟನೆಯ ದಿನ ಹಾಸನದಿಂದ ಬೇಲೂರು, ಹಳೇಬೀಡು. ಒಂಬತ್ತನೆಯ ದಿನ ಅರಸೀಕೆರೆಗೆ ಬಂದು ಹುಬ್ಬಳ್ಳಿಯ ಕಡೆಗೆ ರಾತ್ರಿಯ ಗಾಡಿ ಹಿಡಿದರೆ, ಪ್ರವಾಸದಲ್ಲಿ ಹಳಿಯ ಮೇಲೆ ಕಳೆಯುವ ರಾತ್ರಿ ಇದೊಂದೇ. ಹತ್ತನೆಯ ದಿನ ಘಟಪ್ರಭಾ.

ಟಿಕೇಟು, ಋತು, ಬುತ್ತಿ

ಹೊರಟ ನಿಲ್ದಾಣಕ್ಕೇ ಮರಳುವ ಇಂಥ ಪ್ರವಾಸಕ್ಕೆ ರೈಲ್ವೆಯವರು ‘ಸರ್ಕ್ಯುಲರ್ ಜರ್ನಿ’ ಟಿಕೇಟು ಕೊಡುತ್ತಾರೆಂಬುದು ಅನೇಕರಿಗೆ ಗೊತ್ತಿಲ್ಲ. ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿದು ತಂಗಬಹುದು. ನಮ್ಮ ಸುತ್ತಿಗೆ ಅಷ್ಟು ಧಾರಾಳ ಸಾಕು. ದೂರ ಹೆಚ್ಚಿದಂತೆ ಮೈಲಿಗೆ ತಗಲುವ ದರ ಇಳಿಯುವುದರಿಂದ ಬಿಡಿ ಬಿಡಿ ಟಿಕೇಟಿಗಿಂತ ಇದು ಅಗ್ಗ. ಪ್ರವಾಸದ ಮಾರ್ಗವನ್ನು ಕಾಗದದ ಮೇಲೆ ಬರೆದು ವಿಭಾಗೀಯ ವಾಣಿಜ್ಯ ಅಧಿಕಾರಿಗೆ ಅಥವಾ ದೊಡ್ಡ ನಿಲ್ದಾಣದ ವ್ಯವಸ್ಥಾಪಕರಿಗೆ ಅರ್ಜಿ ಕೊಡಬೇಕು. ಘಟಪ್ರಭಾ ಹುಬ್ಬಳ್ಳಿ ವಿಭಾಗಕ್ಕೆ ಸೇರಿದ್ದು. ಟಿಕೇಟು ಕೈಗೆ ಬಂದ ಮೇಲೆ ಒಂದೊಂದು ಹಂತಕ್ಕೂ ಆಸನವನ್ನು ಪ್ರತ್ಯೇಕವಾಗಿ ಕಾದಿರಿಸಬೇಕು. 2024ರ ನವೆಂಬರಿನಿಂದ ಕಾದಿರಿಸುವ ಅವಧಿ 60 ದಿನಕ್ಕೆ ಇಳಿದಿದೆ. ಆದ್ದರಿಂದ ಎರಡು ತಿಂಗಳ ಮೊದಲೇ ಕ್ಯಾಲೆಂಡರಿನ ಮುಂದೆ ಕುಳಿತುಕೊಳ್ಳಬೇಕು.

ಗಾಡಿ ಆರಿಸುವಾಗ ಹೊರಡುವ ಹೊತ್ತನ್ನು ನೋಡಿದರೆ ಸಾಲದು. ಕ್ಯಾಸಲ್‌ರಾಕ್, ಸುಬ್ರಹ್ಮಣ್ಯರೋಡ್ ಇವೆರಡನ್ನು ಯಾವ ಹೊತ್ತಿಗೆ ಮುಟ್ಟುತ್ತದೆಂದು ನೋಡಬೇಕು. ಘಟ್ಟವನ್ನು ಕತ್ತಲಲ್ಲಿ ದಾಟುವ ಗಾಡಿಗಳೂ ಇವೆ. ಅವುಗಳಲ್ಲಿ ಹೋದವರಿಗೆ ಸುರಂಗಕ್ಕೂ ಕಾಡಿಗೂ ಭೇದ ತಿಳಿಯದು.

ಋತುವಿನ ಮಾತು. ಆಷಾಢ ಶ್ರಾವಣಗಳಲ್ಲಿ ಜಲಪಾತ ಭರ್ಜರಿ, ಆದರೆ ಮಂಜು ಮುಸುಕಿದರೆ ಏನೂ ಕಾಣದು. ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಗಾಡಿಗಳು ನಿಂತುಹೋದವು. 2025ರಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ ಅದೇ ಘಟ್ಟದ ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ರದ್ದುಮಾಡಿದ್ದರು. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ವೇಗ ತಗ್ಗಿಸಿದ ಬೇರೆಯೇ ವೇಳಾಪಟ್ಟಿ ಇರುತ್ತದೆ. ಬೇಸಗೆಯಲ್ಲಿ ಜಲಪಾತ ಸೊರಗುತ್ತದೆ. ಆಶ್ವಯುಜದ ನಂತರ, ದೀಪಾವಳಿಯ ಆಚೀಚಿನ ವಾರಗಳು ಮಧ್ಯಮ ಮಾರ್ಗ: ನೀರು ಇನ್ನೂ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಏನೇ ಆದರೂ ಹೊರಡುವ ವಾರದಲ್ಲಿ ಗಾಡಿಗಳ ಸ್ಥಿತಿಯನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು ಇದ್ದರೆ ಮೂರು ದಿನ ಯಾರ ಹಂಗೂ ಇಲ್ಲ. ಹಿರಿಯರಿಗೆ ಕೆಳಗಿನ ಆಸನ, ಅವರ ಔಷಧಿ ಕೈಚೀಲದಲ್ಲಿ, ಗಂಟುಮೂಟೆ ಒಬ್ಬರು ಎತ್ತುವಷ್ಟೇ.

ಕಿಟಕಿಯ ಪಕ್ಕದ ಆಸನ ಮನೆಯಲ್ಲಿ ಯಾರಿಗೆ ಎಂಬ ವ್ಯಾಜ್ಯವನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಮಕ್ಕಳಿಗೆ ಮುಂದೆ ಎಷ್ಟೋ ಪ್ರಯಾಣಗಳು ಕಾದಿವೆ. ಅವರಲ್ಲಿ ಕೆಲವರು ಆಲ್ಪ್ಸ್ ಪರ್ವತಗಳನ್ನೂ ನೋಡಿಯಾರು. ಘಟ್ಟ ಬರುವ ಎರಡು ಹಗಲು ಮಾತ್ರ ಆ ಆಸನ ಅಜ್ಜಿಯದಾಗಿರಲಿ.