ಕೆಟ್ಟಿರುವುದು ಯಾವ ಭಾಗ?

‘ಡಿಶ್‌ವಾಶರ್ ಕೆಟ್ಟುಹೋಗಿದೆ’ ಎಂಬ ಮಾತಿನಲ್ಲಿ ಒಂದು ಸಣ್ಣ ತಪ್ಪಿದೆ. ಕೆಡುವುದು ಹಾಲು, ಸಾರು, ಮಾವಿನಹಣ್ಣು. ಅವುಗಳಲ್ಲಿ ಕೆಡುಕು ಒಂದು ಮೂಲೆಯಲ್ಲಿ ಶುರುವಾದರೆ ಪೂರ್ತಿ ಹಬ್ಬುತ್ತದೆ, ಆಮೇಲೆ ಚೆಲ್ಲುವುದೊಂದೇ ದಾರಿ. ಯಂತ್ರ ಹಾಗಲ್ಲ. ಹನ್ನೆರಡು ಹದಿನೈದು ವರ್ಷ ದುಡಿದ ಡಿಶ್‌ವಾಶರ್ ಒಂದು ಬೆಳಗ್ಗೆ ನೀರು ಹೊರಹಾಕದೆ ನಿಂತರೆ, ಅದರ ಸ್ಟೀಲಿನ ಒಡಲು, ಹೀಟರು, ಮೋಟರು, ಬಾಗಿಲಿನ ಸ್ಪ್ರಿಂಗು, ತಟ್ಟೆ ಜೋಡಿಸುವ ಜಾಲರಿ ಎಲ್ಲವೂ ನಿನ್ನೆ ಇದ್ದ ಹಾಗೇ ಇರುತ್ತವೆ. ನಿಂತಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಪಂಪು. ಎಷ್ಟೋ ಸಲ ಪಂಪೂ ಅಲ್ಲ, ಅದರ ಬಾಯಿಗೆ ಸಿಕ್ಕಿಕೊಂಡ ಒಂದು ಹುಣಸೆಬೀಜ. ಇಡೀ ಯಂತ್ರದ ಮೇಲೆ ಹೊರಿಸಿದ ಆರೋಪವನ್ನು ಸರಿಯಾದ ಬಿಡಿಭಾಗದ ಹೆಸರಿಗೆ ಇಳಿಸುವುದೇ ರಿಪೇರಿ. ನಾಲ್ಕು ಸ್ಕ್ರೂಡ್ರೈವರು, ಒಂದು ಟಾರ್ಚು, ಒಂದು ಮಲ್ಟಿಮೀಟರು ಇಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಮಾಡುವ ಈ ಕೆಲಸದಲ್ಲಿ ದುಡ್ಡು ಉಳಿಯುತ್ತದೆ, ನಿಜ. ನನಗೆ ಪ್ರೀತಿ ಹುಟ್ಟಿಸಿದ್ದು ಆ ಹೆಸರು ಹುಡುಕುವ ಸುಖ. ಹಳೆಯ ಡಿಶ್‌ವಾಶರಿನ ದೋಷ ಹುಡುಕಿ ಒಂದು ಭಾಗ ಬದಲಿಸುವುದು ಸಾಮಾನ್ಯರ ಕೈಗೆ ಎಟುಕುವ ಕೆಲಸ, ಎಟುಕದ್ದು ಎಂದು ಸುಮ್ಮನೆ ನಂಬಿಕೊಂಡಿದ್ದೇವೆ ಎಂಬುದು ನನ್ನ ವಾದ. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಬೆಂಗಳೂರಿನ ಎಷ್ಟೋ ಮನೆಗಳಿಗೆ ಈ ಯಂತ್ರ ಬಂತು. ಅವುಗಳ ವಾರಂಟಿ ಈಗ ಮುಗಿದಿದೆ. ಹಾಗಾಗಿ ಇದು ಇಲ್ಲಿಯ ಪ್ರಶ್ನೆಯೂ ಹೌದು.

ಯಂತ್ರ ಕೈಗೆ ಎಟುಕುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫೀನ್ ಕಾಕ್ರನ್ 1886ರ ಡಿಸೆಂಬರಿನಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದಳು. ತಟ್ಟೆ ಬಟ್ಟಲುಗಳ ಅಳತೆ ತೆಗೆದು ತಂತಿಯ ಗೂಡು ಹೆಣೆಯುವುದು, ಉಜ್ಜುವ ಗೊಡವೆ ಬಿಟ್ಟು ಬಿಸಿ ಸಾಬೂನು ನೀರನ್ನು ಪಂಪಿನ ರಭಸದಿಂದ ಅವುಗಳ ಮೇಲೆ ಹಾಯಿಸುವುದು: ಇಷ್ಟೇ ಆಕೆಯ ಕಲ್ಪನೆ. 1893ರ ಶಿಕಾಗೊ ವಿಶ್ವಮೇಳದಲ್ಲಿ ಊಟದ ಮನೆಗಳ ಪಾತ್ರೆಗಳನ್ನು ಆಕೆಯ ಯಂತ್ರಗಳು ತೊಳೆದವು. ಇಂದಿಗೂ ಆ ಕಲ್ಪನೆ ಬದಲಾಗಿಲ್ಲ. ಮುಂದೆ ಒಂದು ಡಿಸ್‌ಪ್ಲೇ, ಹಿಂದೆ ಒಂದು ಸರ್ಕ್ಯೂಟ್ ಬೋರ್ಡು ಬಂದಿರಬಹುದು. ಬಾಗಿಲ ಕೆಳಗಿನ ತಗಡು ತೆಗೆದರೆ ಕಾಣುವುದು ನೀರು ಒಳಗೆ ಬಿಡುವ ವಾಲ್ವ್, ನೀರು ತಿರುಗಿಸುವ ಪಂಪು, ಬಿಸಿ ಮಾಡುವ ಹೀಟರು, ಹೊರಗೆ ದೂಡುವ ಪಂಪು. ಒಂದೊಂದಕ್ಕೆ ಒಂದೊಂದೇ ಕೆಲಸ, ಅದೂ ಬಹುಮಟ್ಟಿಗೆ ಒಂದಾದ ಮೇಲೆ ಒಂದು. ಶಿಸ್ತಾಗಿ ಸರದಿಯಲ್ಲಿ ದುಡಿಯುವ ಯಂತ್ರ ಇದು.

ಸರದಿ ಇರುವುದರಿಂದ ಕಿವಿಯಿಂದಲೇ ಅರ್ಧ ಪತ್ತೆದಾರಿ ಮುಗಿಯುತ್ತದೆ. ಸ್ವಿಚ್ಚು ಒತ್ತಿದೊಡನೆ ಹೊರಹಾಕುವ ಪಂಪು ಕೆಲವು ಸೆಕೆಂಡು ಗುರುಗುಟ್ಟುತ್ತದೆ, ಆಮೇಲೆ ವಾಲ್ವ್ ತೆರೆದು ನೀರು ಸುರಿಯುವ ಸದ್ದು, ಒಂದು ಮೌನ, ಮತ್ತೆ ಒಳಗೆ ಮಳೆ ಬಿದ್ದಂತೆ ಸಪ್ಪಳ. ಯಾವ ಸದ್ದಿನ ಬಳಿಕ ಯಂತ್ರ ನಿಂತಿತು ಎಂದು ಗಮನಿಸಿದರೆ ಅನುಮಾನ ಒಂದೆರಡು ಭಾಗಗಳಿಗೆ ಇಳಿಯುತ್ತದೆ. ನೀರೇ ಬರುತ್ತಿಲ್ಲ ಅನ್ನಿ. ವಾಲ್ವಿನ ಕಾಯಿಲು ಸುಟ್ಟಿರಬಹುದು. ಅದರ ಬಾಯಲ್ಲಿರುವ ಬೆರಳಗಲದ ಜರಡಿಗೆ ಟ್ಯಾಂಕಿನ ಮರಳು ಕಟ್ಟಿಕೊಂಡಿರಬಹುದು. ಎರಡೂ ಅಲ್ಲದೆ ಕಟ್ಟಡದ್ದೇ ತೊಂದರೆಯೂ ಇರಬಹುದು. ಈ ವಾಲ್ವಿನ ಪೊರೆ ಏಳಲು ನೀರಿನ ಒತ್ತಡವೇ ಬೇಕು, ಹಲವು ಕಂಪನಿಗಳು ಕನಿಷ್ಠ 0.5 ಬಾರ್ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಕೊಡುತ್ತದೆ. ಅಡುಗೆಮನೆಯ ನಲ್ಲಿಗಿಂತ ತಾರಸಿಯ ಟ್ಯಾಂಕು ಮೂರು ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.3. ಅಂಥ ಮನೆಯಲ್ಲಿ ವಾಲ್ವನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಕಾಸು ಖರ್ಚಾಗದ ಪರೀಕ್ಷೆ ಮೊದಲು, ಬಿಡಿಭಾಗ ಕೊಳ್ಳುವುದು ಕೊನೆಗೆ ಎಂಬ ಕ್ರಮ ಹುಟ್ಟಿದ್ದು ಇಂಥ ಅನುಭವಗಳಿಂದಲೇ ಇರಬೇಕು.

ಹೊರಹಾಕುವ ಪಂಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ನನ್ನ ಮಟ್ಟಿಗೆ ಈ ಯಂತ್ರದ ಅತಿ ಚೆಲುವಾದ ಭಾಗ ಅದು. ಕೆಳಗಿನ ಜಾಲರಿ ಎತ್ತಿ, ಜರಡಿಯನ್ನು ತಿರುಗಿಸಿ ಹೊರತೆಗೆದು, ನಿಂತ ನೀರನ್ನು ಸ್ಪಂಜಿನಿಂದ ಹೀರಿದರೆ ತಳದ ಗುಂಡಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ಹಿಂದೆ ಹೂವಿನ ಎಸಳುಗಳಂತೆ ಮೂರೋ ನಾಲ್ಕೋ ಅಲಗುಗಳ ಪುಟ್ಟ ಚಕ್ರ. ನಮ್ಮ ಅಡುಗೆಮನೆಗಳಲ್ಲಿ ಇಲ್ಲಿ ಸಿಗುವುದು ಕರಿಬೇವಿನ ಕಡ್ಡಿ, ತೆಂಗಿನ ನಾರು, ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಎಳೆ, ಒಡೆದ ಗಾಜಿನ ಚೂರು. ಗಾಜಿದ್ದೀತೆಂಬ ಕಾರಣಕ್ಕೆ ಬೆರಳು ಹಾಕುವ ಮೊದಲು ಟಾರ್ಚು ಹಾಕಬೇಕು. ಚಕ್ರವನ್ನು ಒಂದು ಕಡ್ಡಿಯಿಂದ ತಿರುಗಿಸಿದರೆ ಅದು ನುಣ್ಣಗೆ ಜಾರುವುದಿಲ್ಲ, ತಡೆದು ತಡೆದು ಹೊರಳುತ್ತದೆ. ಹೊಸಬರು ಇದನ್ನು ದೋಷವೆಂದುಕೊಂಡು ಹೊಸ ಪಂಪು ತರಿಸುತ್ತಾರೆ. ಒಳಗಿರುವುದು ಕಾಯಂ ಅಯಸ್ಕಾಂತ. ಅದು ತನ್ನ ನೆಲೆ ಬಿಟ್ಟು ಕದಲಲು ಹಾಗೆ ಹಟ ಮಾಡಲೇಬೇಕು. ಅಲಗುಗಳು ಬಾಗಿಲ್ಲ, ನೇರವಾಗಿವೆ. ಸಿಂಗಲ್ ಫೇಸ್ ಕರೆಂಟಿನಲ್ಲಿ ಈ ಮೋಟರು ಎಡಕ್ಕೆ ತಿರುಗಲು ಶುರುಮಾಡುತ್ತದೋ ಬಲಕ್ಕೋ ಹೇಳಲಾಗದು, ಯಾವ ಕಡೆ ತಿರುಗಿದರೂ ನೀರು ದೂಡುವಂತೆ ಅಲಗು ಇರಬೇಕು. ಇನ್ನೂ ಸೂಕ್ಷ್ಮವಾದದ್ದು ಚಕ್ರಕ್ಕೂ ಅಯಸ್ಕಾಂತಕ್ಕೂ ನಡುವೆ ಬಿಟ್ಟಿರುವ ಸಡಿಲ. ನೀರಿನ ಭಾರ ಹೊರುವ ಮೊದಲು ಮೋಟರು ಸ್ವಲ್ಪ ದೂರ ಬರಿದೇ ತಿರುಗಿ ವೇಗ ಹಿಡಿಯಲಿ ಎಂದು ಮಾಡಿದ ಏರ್ಪಾಡು ಅದು, ಸವೆದು ಆದ ಸಡಿಲವಲ್ಲ. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಒಬ್ಬ ಎಂಜಿನಿಯರ್ ಇಷ್ಟು ಯೋಚನೆ ಬಚ್ಚಿಟ್ಟಿದ್ದಾನೆ. ಬಿಚ್ಚಿ ನೋಡಿದವರಿಗೆ ಮಾತ್ರ ಅದು ಕಾಣುತ್ತದೆ, ಗುಜರಿಗೆ ಹಾಕಿದವರಿಗೆ ಕಾಣುವುದಿಲ್ಲ.

ಇನ್ನೊಂದು ಹಳೆಯ ಶತ್ರು ನೀರಿನ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನದ ಒಪ್ಪಿತ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟಿದೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಕಾವೇರಿ ನೀರಿನ ಬಡಾವಣೆಗೂ ಬೋರ್‌ವೆಲ್ಲನ್ನೇ ನಂಬಿದ ಬಡಾವಣೆಗೂ ಇರುವ ವ್ಯತ್ಯಾಸ ಬಕೆಟ್ಟಿನ ಅಂಚಿನ ಬಿಳಿ ಗೆರೆಯಲ್ಲೇ ಕಾಣುತ್ತದೆ. ನೀರು ಕಾದಾಗ ಕರಗಿದ್ದ ಸುಣ್ಣ ಬೇರೆಯಾಗಿ ಹೀಟರಿಗೂ ನೀರು ಚಿಮ್ಮುವ ತೋಳುಗಳಿಗೂ ಅಂಟುತ್ತದೆ. ಅದನ್ನು ತಡೆಯಲೆಂದೇ ಯಂತ್ರದ ತಳದಲ್ಲಿ ರಾಳದ ಮಣಿಗಳ ಡಬ್ಬಿಯಿದೆ. ಆ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದು ಸೋಡಿಯಮ್ಮನ್ನು ಬಿಡುತ್ತವೆ, ಶಕ್ತಿ ಮುಗಿದಾಗ ನಾವು ಹಾಕುವ ಉಪ್ಪು ಅವನ್ನು ಮತ್ತೆ ಸಜ್ಜುಗೊಳಿಸುತ್ತದೆ. ಉಪ್ಪು ಹಾಕುವುದನ್ನು ಮರೆತ ಮನೆಯಲ್ಲಿ ‘ಯಂತ್ರ ಹಳೆಯದಾಯಿತು, ಪಾತ್ರೆ ಚೆನ್ನಾಗಿ ತೊಳೆಯುತ್ತಿಲ್ಲ’ ಎಂಬ ದೂರು ಕೇಳುತ್ತದೆ. ತೋಳನ್ನು ಕಳಚಿ ಕಿಟಕಿಯ ಬೆಳಕಿಗೆ ಹಿಡಿದರೆ ದೂರಿನ ಮೂಲ ಸಿಗುತ್ತದೆ: ತೂತುಗಳಲ್ಲಿ ಅರ್ಧ ಮುಚ್ಚಿವೆ. ತೋಳನ್ನು ತಿರುಗಿಸಲು ಮೋಟರಿಲ್ಲ, ಓರೆಯಾಗಿ ಕೊರೆದ ತೂತುಗಳಿಂದ ಚಿಮ್ಮುವ ನೀರೇ ಹಿಂದಕ್ಕೆ ಒತ್ತಿ ಅದನ್ನು ತಿರುಗಿಸುತ್ತದೆ. ಓರೆ ತೂತು ಕಟ್ಟಿದರೆ ತೋಳು ನಿಲ್ಲುತ್ತದೆ, ಒಂದು ಮೂಲೆಯ ಪಾತ್ರೆಗಳಿಗಷ್ಟೇ ನೀರು ಬೀಳುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪು ಕಲಸಿದ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಡ್ಡಿಯಿಂದ ಕುಟ್ಟಿದರೆ ಸುಣ್ಣ ಉದುರುತ್ತದೆ.

ವಿದ್ಯುತ್ತಿನ ಭಾಗಗಳಿಗೂ ಇದೇ ಕ್ರಮ, ಕಿವಿಯ ಜಾಗದಲ್ಲಿ ಮಲ್ಟಿಮೀಟರು. 230 ವೋಲ್ಟಿನಲ್ಲಿ 2000 ವಾಟಿನ ಹೀಟರು ಎಂದರೆ ಅದರ ತಡೆ ಸುಮಾರು 26 ಓಮ್ ಇರಬೇಕು, ಶಾಲೆಯ ಪಾಠದ ಲೆಕ್ಕ. ಮೀಟರಿನ ಮುಳ್ಳುಗಳನ್ನಿಟ್ಟಾಗ ಅಷ್ಟೇ ಬಂದರೆ ಹೀಟರು ನಿರಪರಾಧಿ, ಏನೂ ಬಾರದಿದ್ದರೆ ತಂತಿ ಕಡಿದಿದೆ. ಹೀಟರು ಸರಿಯಿದ್ದೂ ನೀರು ಕಾಯದಿದ್ದರೆ ಬೋರ್ಡಿನ ಮೇಲೆ ಹೀಟರಿಗೆ ಕರೆಂಟು ಬಿಡುವ ರಿಲೇಯನ್ನು ನೋಡಬೇಕು. ವರ್ಷಗಟ್ಟಲೆ ಕಾದು ತಣಿದು ಅದರ ಕಾಲಿನ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಸುತ್ತ ಕಂದು ಕಲೆ ಇರುತ್ತದೆ. ಬೋರ್ಡನ್ನೇ ಬದಲಿಸಬೇಕು ಎಂಬ ಮಾತು ಬರುವುದು ಇಲ್ಲಿಯೇ, ಯಂತ್ರಕ್ಕೆ ಮರಣದಂಡನೆ ಬರೆಯುವುದೂ ಇಲ್ಲಿಯೇ, ಏಕೆಂದರೆ ಪೂರ್ತಿ ಬೋರ್ಡು ಬಲು ದುಬಾರಿ. ಆ ರಿಲೇ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಊಟದ ದುಡ್ಡಿಗೂ ಕಡಿಮೆಗೆ ಸಿಗುತ್ತದೆ. ಕವಚದ ಮೇಲೆ ಅದರ ವೋಲ್ಟು, ಆಂಪು, ಮಾದರಿ ಎಲ್ಲ ಅಚ್ಚಾಗಿರುತ್ತವೆ.

ಹಳೆಯ ಯಂತ್ರವನ್ನು ಬದುಕಿಸುವುದು ಕರೆಂಟಿಗೂ ನೀರಿಗೂ ದಂಡ, ಹೊಸದು ಎರಡನ್ನೂ ಉಳಿಸುತ್ತದೆ ಎನ್ನುವವರಿದ್ದಾರೆ. ಗಂಭೀರವಾದ ಆಕ್ಷೇಪವೇ, ಲೆಕ್ಕ ಹಾಕಿ ನೋಡೋಣ. ಹದಿನೈದು ವರ್ಷದ ಯಂತ್ರ ಒಂದು ಸರದಿಗೆ ಹೊಸದಕ್ಕಿಂತ 0.3 ಯೂನಿಟ್ ಹೆಚ್ಚು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ಸರದಿ ಓಡಿಸಿದರೆ 90 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 630 ರೂಪಾಯಿ. ಹೊಸ ಯಂತ್ರಕ್ಕೆ 40,000 ರೂಪಾಯಿ ಕೊಟ್ಟವರು ಅದನ್ನು ಕರೆಂಟಿನ ಉಳಿತಾಯದಿಂದ ಮರಳಿ ಪಡೆಯಲು ಅರವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ನೀರು ಸರದಿಗೆ ನಾಲ್ಕೈದು ಲೀಟರ್ ಹೆಚ್ಚು ಹೋಗಬಹುದು, ಅದನ್ನು ಒಪ್ಪುತ್ತೇನೆ; ಹೊರಬರುವ ನೀರನ್ನು ಶೌಚಾಲಯಕ್ಕೆ ಬಳಸಿದರೆ ಆ ನಷ್ಟವೂ ತಗ್ಗುತ್ತದೆ. ಹೊಸದರ ಉಕ್ಕು, ತಾಮ್ರ, ಪ್ಲಾಸ್ಟಿಕ್ಕು, ಸಾಗಾಟ ಯಾವುದನ್ನೂ ನಾನಿನ್ನೂ ಲೆಕ್ಕಕ್ಕೆ ಸೇರಿಸಿಲ್ಲ.

ಅಪಾಯದ ಮಾತಿಗೆ ಲೆಕ್ಕದ ಉತ್ತರ ಸಾಲದು. ನೀರು, ಕರೆಂಟು ಎರಡೂ ಇರುವ ಪೆಟ್ಟಿಗೆ ಇದು. ಪ್ಲಗ್ಗು ಕಿತ್ತು, ನಲ್ಲಿ ಮುಚ್ಚಿದ ಮೇಲೆಯೇ ಸ್ಕ್ರೂ ಮುಟ್ಟಬೇಕು. ಕೆಪಾಸಿಟರನ್ನು ಖಾಲಿ ಮಾಡಬೇಕು. ತಗಡಿನ ಅಂಚು ಚಾಕುವಿನಷ್ಟೇ ಹರಿತ, ಕೈಗವಸು ಬೇಕು. ತಗಡು ಬಿಚ್ಚಿಟ್ಟು ಕರೆಂಟು ಹಾಕಿ ನೋಡುವ ಪರೀಕ್ಷೆ ಕಲಿಯುವವರಿಗೆ ಬೇಡವೇ ಬೇಡ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದವರು, ಅರ್ಥಿಂಗ್ ಸರಿಯಿಲ್ಲದವರು ಮೊದಲು ಅದನ್ನು ಸರಿಮಾಡಿಸಿಕೊಳ್ಳಲಿ, ಡಿಶ್‌ವಾಶರ್ ಕಾಯಲಿ. ಇಷ್ಟು ಪಾಲಿಸಿದರೆ ಉಳಿಯುವ ಅಪಾಯ ಮಿಕ್ಸಿಯ ಕಾರ್ಬನ್ ಬ್ರಶ್ ಬದಲಿಸುವುದಕ್ಕಿಂತ ಬಹಳ ಹೆಚ್ಚಲ್ಲ. ಮೈಕ್ರೋವೇವಿನ ಹೈವೋಲ್ಟೇಜ್ ಇದರಲ್ಲಿಲ್ಲ, ಫ್ರಿಜ್ಜಿನ ಗ್ಯಾಸಿಲ್ಲ. ಅವೆರಡನ್ನೂ ನಾನು ಮನೆಯಲ್ಲಿ ಬಿಚ್ಚಿರೆಂದು ಯಾರಿಗೂ ಹೇಳಲಾರೆ. ಮೆಕ್ಯಾನಿಕ್ಕಿನ ಅನ್ನಕ್ಕೆ ಕೈಹಾಕಿದಂತಲ್ಲವೇ ಎಂದೂ ಕೇಳಬಹುದು. ಮೆಕ್ಯಾನಿಕ್ಕಿನ ಅನ್ನ ಕಸಿಯುವುದು ‘ಎಸೆದು ಹೊಸದು ತಗೊಳ್ಳಿ’ ಎನ್ನುವ ಸಂಸ್ಕೃತಿ. ಮುಖ್ಯ ಪಂಪಿನ ಸೀಲು ಬದಲಿಸುವಂಥ ಕೈಪಳಗಿದ ಕೆಲಸಕ್ಕೆ ಅವರನ್ನೇ ಕರೆಯಬೇಕು, ದೋಷದ ಹೆಸರು ಗೊತ್ತಿರುವ ಗಿರಾಕಿಗೆ ಅವರ ಕೆಲಸದ ಬೆಲೆಯೂ ಗೊತ್ತಿರುತ್ತದೆ. ತಾಮ್ರ ಹಿತ್ತಾಳೆಗೆ ಕಲಾಯಿ ಹಾಕಿಸುತ್ತಿದ್ದ, ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕಿಸುತ್ತಿದ್ದ ಮನೆಗಳಿಗೂ ಆ ಕುಶಲಿಗಳಿಗೂ ಇದ್ದ ನಂಟು ಹಾಗೆಯೇ ಇತ್ತು.

ನಿಜವಾದ ಅಡ್ಡಿ ಬಿಡಿಭಾಗ ಸಿಗದಿರುವುದು. ಯುರೋಪಿಯನ್ ಒಕ್ಕೂಟ 2021ರ ಮಾರ್ಚ್ 1ರಿಂದ ಡಿಶ್‌ವಾಶರ್ ತಯಾರಕರಿಗೆ ನಿಯಮ ಹಾಕಿತು: ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಬಾಗಿಲ ಸೀಲು, ತೋಳು, ಜರಡಿ, ಜಾಲರಿ 10 ವರ್ಷ ಸಾಮಾನ್ಯ ಬಳಕೆದಾರರಿಗೆ ಸಿಗಬೇಕು, ಮೋಟರು, ಪಂಪು, ಹೀಟರು, ಬೋರ್ಡು 7 ವರ್ಷ ವೃತ್ತಿಪರ ರಿಪೇರಿಯವರಿಗೆ ಸಿಗಬೇಕು. ನಿಯಮವನ್ನು ಮೆಚ್ಚುತ್ತೇನೆ, ಅದರ ವಿಂಗಡಣೆಯನ್ನು ಒಪ್ಪುವುದಿಲ್ಲ. ಹೊರಹಾಕುವ ಪಂಪು ಎಷ್ಟೋ ಮಾದರಿಗಳಲ್ಲಿ ಒಂದು ಕೊಕ್ಕೆ ಒತ್ತಿ ತಿರುಗಿಸಿದರೆ ಕೈಗೆ ಬರುತ್ತದೆ. ಅದನ್ನು ಮನೆಯವರ ಕೈಗೆ ಸಿಗದಂತೆ ಇಡಲು ಕಾರಣವಿಲ್ಲ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಆ ಹಕ್ಕಿನ ಪೋರ್ಟಲ್ಲೂ ಬಂತು. ಬಿಡಿಭಾಗ ಇಷ್ಟು ವರ್ಷ ಇರಲೇಬೇಕು ಎನ್ನುವ ಅಂಥ ಕಟ್ಟುಪಾಡು ನಮಗೂ ಬೇಕು. ಅಲ್ಲಿಯವರೆಗೆ ಕೈಹಿಡಿಯುವುದು ಬಾಗಿಲಿನ ಅಂಚಿಗೆ ಅಂಟಿಸಿದ ಚೀಟಿಯ ಮಾದರಿ ಸಂಖ್ಯೆ, ಮತ್ತು ಭಾಗದ ಮೈಮೇಲೇ ಅಚ್ಚಾದ ಸಂಖ್ಯೆ. ಬೇರೆ ಬೇರೆ ಹೆಸರಿನ ಯಂತ್ರಗಳಲ್ಲಿ ಒಂದೇ ಕಾರ್ಖಾನೆಯ ಪಂಪು ಇರುವುದುಂಟು, ಇಟಲಿಯ ಅಸ್ಕೋಲ್ ಪಂಪುಗಳೇ ಹಲವು ಕಂಪನಿಗಳ ಯಂತ್ರಗಳಲ್ಲಿವೆ. ಹೊರಗಿನ ಹೆಸರು ಬಿಟ್ಟು ಒಳಗಿನ ಸಂಖ್ಯೆಯಿಂದ ಹುಡುಕಿದರೆ ಸಿಗದು ಎಂದುಕೊಂಡದ್ದು ಸಿಗುತ್ತದೆ.

ಹೊಸ ಭಾಗ ಕೂರಿಸಿದ ಮೇಲೆ ಕಾಯುವುದೊಂದು ಬಾಕಿ. ಕೆಳಗಿನ ತಟ್ಟೆಯಲ್ಲಿ ಥರ್ಮಾಕೋಲಿನ ಒಂದು ತೇಲುಬಿಲ್ಲೆ ಇರುತ್ತದೆ. ಎಲ್ಲಾದರೂ ಸೋರಿ ನೀರು ನಿಂತರೆ ಅದು ಎದ್ದು ಸ್ವಿಚ್ಚು ಒತ್ತುತ್ತದೆ, ಯಂತ್ರ ಉಳಿದೆಲ್ಲ ಕೆಲಸ ಬಿಟ್ಟು ನೀರನ್ನು ಹೊರಹಾಕುತ್ತಲೇ ಇರುತ್ತದೆ. ಆ ತಟ್ಟೆಯನ್ನು ಒರೆಸಿ, ಪಂಪಿನ ಕೆಳಗೆ ಒಂದು ಹಾಳೆ ಹಳೆಯ ದಿನಪತ್ರಿಕೆ ಹಾಸಿ, ತಗಡು ಮುಚ್ಚಿ, ಪಾತ್ರೆಗಳಿಲ್ಲದೆ ಒಂದು ಸರದಿ ಓಡಿಸಬೇಕು. ಗುರುಗುಟ್ಟು, ನೀರಿನ ಸುರಿತ, ಮೌನ, ಮಳೆ. ಮುಗಿದ ಮೇಲೆ ಪ್ಲಗ್ಗು ಕಿತ್ತು, ತಗಡು ತೆಗೆದು, ಪತ್ರಿಕೆಯ ಹಾಳೆಯನ್ನು ಎಳೆದು ಬೆರಳಾಡಿಸಿದಾಗ ಅದು ಗರಿಗರಿಯಾಗಿ ಒಣಗಿದ್ದರೆ, ಕೊನೆಯ ಎರಡು ಸ್ಕ್ರೂ ಬಿಗಿಯಬಹುದು.