ಬಾವಿಗೆ ಎಷ್ಟು ಬೆಲೆ?



ಮರಕ್ಕೆ ಕೀಟ ಬಿದ್ದಾಗ ನಾವು ಮೊದಲು ಕೇಳುವುದು 'ಯಾವ ಔಷಧಿ ಹೊಡೆಯಬೇಕು?' ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಕೀಟ ಕಸಿಯುತ್ತಿರುವುದು ಒಂದು ವರ್ಷದ ಫಲವನ್ನೋ, ಮರದ ಪ್ರಾಣವನ್ನೋ?

ರಾಣೆಬೆನ್ನೂರಿನ ನಮ್ಮ ಹಿತ್ತಲಿನಲ್ಲಿ ಮಾವನವರು ನೆಟ್ಟ ಎರಡು ಮಾವಿನ ಮರಗಳಿವೆ. ಒಂದಕ್ಕೆ ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿನ ಬಾಧೆ. ಇನ್ನೊಂದರ ಕಾಂಡವನ್ನು ಕೊರೆಯುವ ಹುಳು ಹೊಕ್ಕಿತ್ತು. ಜಿಗಿಹುಳು ಹೂಗೊಂಚಲಿನ ರಸ ಹೀರುತ್ತದೆ. ಅದು ಸ್ರವಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳು ಮಸಿ ಹಿಡಿದಂತಾಗುತ್ತವೆ. ಹೂ ಉದುರಿ ಕಾಯಿ ಕಡಿಮೆಯಾಗುತ್ತದೆ, ಮರ ಸಾಯುವುದಿಲ್ಲ.

ಬ್ಯಾಡಗಿಯ ಬಳಿ ಮೆಣಸಿನಕಾಯಿ ಬೆಳೆಯುವ ನನ್ನ ಅಣ್ಣ ಲೆಕ್ಕ ಹಾಕಿಕೊಟ್ಟರು. ಔಷಧಿಯ ಬೆಲೆ ಅಲ್ಪ. ಆದರೆ ಬೆನ್ನಿಗೆ ಕಟ್ಟುವ ಪಂಪು ತುದಿಯ ಕೊಂಬೆಯನ್ನು ಮುಟ್ಟದು. ಹಾವೇರಿಯಿಂದ ದೊಡ್ಡ ಪಂಪು ತರಿಸಬೇಕು, ಬಾಡಿಗೆಯನ್ನೂ ಇಬ್ಬರ ಕೂಲಿಯನ್ನೂ ಕೊಡಬೇಕು. ಹಾನಗಲ್ಲಿನ ದೊಡ್ಡ ತೋಪಿನಲ್ಲಾದರೆ ಈ ಖರ್ಚು ನೂರು ಮರಗಳಿಗೆ ಹಂಚಿಹೋಗುತ್ತದೆ. ನಮ್ಮ ಒಂದು ಮರದ ಹಣ್ಣಿಗೆ ಅಷ್ಟು ಹಣ ಬಾರದು. ಹೂ ಅರಳಿದ ಮೇಲೆ ಹೊಡೆದರೆ ಪರಾಗ ಸಾಗಿಸುವ ನೊಣ, ಜೇನುಗಳೂ ಸಾಯುತ್ತವೆ. ಮೇಲಾಗಿ ಮರದ ಕೆಳಗೇ ಎರಡು ಮನೆಗಳವರು ನೀರು ಸೇದುವ ಬಾವಿಯಿದೆ.

"ಬಾವೀಗೆ ಎಷ್ಟು ಬೆಲಿ ಬರೀಲಿ, ತಂಗಿ?" ಎಂದು ಅಣ್ಣ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಸರಗೋಡಿನ ಗೇರು ತೋಟಗಳಲ್ಲಿ ಈ ಕಲಮು ಬರೆಯದೆಯೇ ಉಳಿಯಿತು. ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಗೇರುಬೀಜದ ಲಾಭದ ಲೆಕ್ಕದಲ್ಲಿ ಮಕ್ಕಳ ಆರೋಗ್ಯ ಸೇರಿರಲಿಲ್ಲ.

ಹುಳು ಹೊಕ್ಕ ಮರದ ವಿಷಯ ಬೇರೆ. ಹಾಗೆಯೇ ಬಿಟ್ಟರೆ ಅದು ಒಣಗಿಹೋಗುತ್ತಿತ್ತು. ತೂತನ್ನು ತಂತಿಯಿಂದ ಶುಚಿಗೊಳಿಸಿ, ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ, ಹಸಿಮಣ್ಣಿನಿಂದ ಮುಚ್ಚಿಸಿದೆವು. ಸ್ವಲ್ಪವೇ ಔಷಧಿ ಸಾಕಾಯಿತು. ಅದು ಗಾಳಿಗೆ ಹಾರಲಿಲ್ಲ. ಕೆಲವು ವಾರಗಳಲ್ಲಿ ಹೊಟ್ಟು ಉದುರುವುದು ನಿಂತಿತು. ಇನ್ನೊಂದು ಮರಕ್ಕೆ ಔಷಧಿ ಹೊಡೆಸಲಿಲ್ಲ. ಜಿಗಿಹುಳುವಿಗೆ ದಟ್ಟ ನೆರಳು ಪ್ರಿಯವಾದುದರಿಂದ, ಕೊಯ್ಲಿನ ನಂತರ ಒತ್ತಾದ ಕೊಂಬೆಗಳನ್ನು ಕಡಿಸಿ ಬಿಸಿಲು, ಗಾಳಿ ಆಡುವಂತೆ ಮಾಡಿದೆವು. ಹಣ್ಣು ಈಗಲೂ ಕಡಿಮೆಯೇ; ಉಪ್ಪಿನಕಾಯಿಗೂ ಮಕ್ಕಳಿಗೂ ಸಾಕಾಗುತ್ತದೆ.

ನೀವೂ ಔಷಧಿಯ ಅಂಗಡಿಗೆ ಹೋಗುವ ಮುನ್ನ ಮರದ ಸುತ್ತ ಒಮ್ಮೆ ನಡೆದು ನೋಡಿರಿ: ಬಾವಿ ಎಲ್ಲಿದೆ, ಗಾಳಿ ಯಾರ ಕಿಟಕಿಯತ್ತ ಬೀಸುತ್ತದೆ, ಬಿದ್ದ ಹಣ್ಣನ್ನು ಆರಿಸಿ ತಿನ್ನುವವರು ಯಾರು. ಅಂಗಡಿಯ ಚೀಟಿಯಲ್ಲಿ ಇರದ ಬೆಲೆಗಳು ಅಲ್ಲಿವೆ.